ಕಾಗೆ ಬಾರದ ದ್ವೀಪದಲ್ಲಿ ತೋಳದ ಆಂಟಿ

ಹ್ಯೂಸ್ಟನ್ನಿನ ಕನ್ನಡಿಗರು ಅವರನ್ನು ಎದುರಿಗೆ ಡಾಕ್ಟರ್ ಆಂಟಿ ಎಂದೂ ಬೆನ್ನ ಹಿಂದೆ ತೋಳದ ಆಂಟಿ ಎಂದೂ ಕರೆಯುತ್ತಿದ್ದರು. ಎರಡೂ ಅವರಿಗೆ ಗೊತ್ತಿತ್ತು. ಎರಡನೆಯದೇ ಅವರಿಗೆ ಹೆಚ್ಚು ಇಷ್ಟವಾಗಿತ್ತೆಂದು ನನ್ನ ಗುಮಾನಿ. ನಮ್ಮ ಕನ್ನಡ ಸಂಘದಲ್ಲಿ ಡಾಕ್ಟರುಗಳಿಗೇನು ಬರವೇ? ತೋಳದವರು ಮಾತ್ರ ಅವರೊಬ್ಬರೇ.

ಧಾರವಾಡದ ಕಡೆಯವರು, ದನದ ಡಾಕ್ಟರು. ಮದುವೆಯಾಗಿ ಟೆಕ್ಸಾಸಿಗೆ ಬಂದು, ಸತ್ತ ಪ್ರಾಣಿಗಳನ್ನು ಕೊಯ್ದು ಕಾಯಿಲೆ ಪತ್ತೆ ಮಾಡುವ ಲ್ಯಾಬೊಂದರಲ್ಲಿ ವಯಸ್ಸೆಲ್ಲ ಕಳೆದು ರಿಟೈರ್ ಆಗಿದ್ದರು. ನಾನು ಕಂಡಾಗ ಗಂಡ ಹೆಂಡತಿ ಗ್ಯಾಲ್ವೆಸ್ಟನ್ ದ್ವೀಪದ ಪಶ್ಚಿಮದ ತುದಿಯಲ್ಲಿ, ಕಂಬಗಳ ಮೇಲೆ ನಿಲ್ಲಿಸಿದ ಮರದ ಮನೆಯಲ್ಲಿ ಇದ್ದರು. ಒಬ್ಬಳೇ ಮಗಳು ಡಲ್ಲಾಸಿನ ಹತ್ತಿರ ಫಾರ್ಮರ್ಸ್ ಬ್ರಾಂಚಿನಲ್ಲಿ ಲಾಯರು. ರಿಟೈರ್ ಆದವರು ಸುಮ್ಮನೆ ಸಮುದ್ರ ನೋಡಿಕೊಂಡು ಇರಬಾರದೆ? ಇವರು ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸತ್ತ ಕಯೋಟಿಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ಕಯೋಟಿಯೆಂದರೆ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಅಮೆರಿಕದ ಊರೂರಲ್ಲೂ ಮನೆಗಳ ಹಿಂದೆ ನುಸುಳಿ ಬದುಕುವ ಪ್ರಾಣಿ. ಸತ್ತದ್ದರ ಕಿವಿಯ ತುದಿ ಕತ್ತರಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಟ್ಟು, ಸಾಕಷ್ಟು ಸೇರಿದ ಮೇಲೆ ಒಂದು ಯೂನಿವರ್ಸಿಟಿಯ ಲ್ಯಾಬಿಗೆ ಡಿಎನ್‌ಎ ಪರೀಕ್ಷೆಗೆಂದು ಕಳಿಸುವುದು. ಸಂಬಳವಿಲ್ಲ, ಮಾಡಿ ಎಂದು ಹೇಳಿದವರೂ ಇಲ್ಲ.

ಈ ಫ್ರೀಜರಿನಿಂದ ಒಮ್ಮೆ ದೊಡ್ಡ ರಾದ್ಧಾಂತವಾಗಿತ್ತು. ಸಂಘದ ಪಿಕ್ನಿಕ್ಕಿಗೆಂದು ಅವರ ಮನೆಗೆ ಹೋದ ಉಡುಪಿಯ ಆಂಟಿಯೊಬ್ಬರು ತೆಂಗಿನ ತುರಿ ತೆಗೆಯಲು ಹೋಗಿ ಕಿವಿಗಳ ಚೀಲ ತೆಗೆದುಬಿಟ್ಟಿದ್ದರು. ಅವರು ಕಿರುಚಿದ ರಭಸಕ್ಕೆ ಈಜುತ್ತಿದ್ದ ಮಕ್ಕಳು ನೀರಿನಿಂದ ಎದ್ದು ಬಂದರಂತೆ. ಡಾಕ್ಟರ್ ಆಂಟಿ ಓಡಿ ಬಂದು, ಮೊದಲು ಚೀಲವನ್ನು ಕರಗದಂತೆ ಒಳಗಿಟ್ಟು, ಆಮೇಲೆ "ಹೆದರಬ್ಯಾಡ್ರಿ, ಕಾಯಿತುರಿ ಮ್ಯಾಲಿನ ಖಾನೆದಾಗ ಅದ" ಅಂದರು. ಆ ದಿನ ಚಟ್ನಿಯನ್ನು ಯಾರೂ ಮುಟ್ಟಲಿಲ್ಲ. ಅವರ ಗಂಡ, ನಮ್ಮೆಲ್ಲರ ಅಂಕಲ್, ಒಬ್ಬರೇ ಕೂತು ಮತ್ತೆ ಮತ್ತೆ ಹಾಕಿಸಿಕೊಂಡು ತಿಂದರು. ಅವರು ಊಟದ ವಿಷಯದಲ್ಲಿ ಅಂಥ ರಸಿಕರು.

ನಾನು ಮೈಸೂರಿನವಳು. ಅಲ್ಲಿಯ ಬ್ಯಾಂಕಿನ ಕೆಲಸ ಬಿಟ್ಟು, ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಎಂಬ ಪ್ರದೇಶದ ಎಣ್ಣೆ ಕಂಪನಿಯಲ್ಲಿದ್ದ ಗಂಡನ ಹಿಂದೆ ಬಂದಿದ್ದೆ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಕೂತು ಕೂತು ನನ್ನ ನಾಲಿಗೆಯೊಂದೇ ಹರಿತವಾಗುತ್ತಿತ್ತು. ಅದರ ರುಚಿ ಗಂಡನಿಗೆ ಗೊತ್ತು. ಒಂದು ಯುಗಾದಿಯ ಊಟದಲ್ಲಿ ಪಕ್ಕ ಕೂತ ಡಾಕ್ಟರ್ ಆಂಟಿ ಹೆಸರು, ಊರು ಏನೂ ಕೇಳದೆ, "ನಿನಗ ಕಾರು ಹೊಡೀಲಿಕ್ಕೆ ಬರ್ತದೇನು, ತಂಗಿ?" ಅಂದರು. ಅಲ್ಲಿಯವರೆಗೆ ಡ್ರೈವ್ ಮಾಡುತ್ತಿದ್ದವರು ಅಂಕಲ್. ಅವರಿಗೆ ಗಂಟಲಿನ ತೊಂದರೆ ಶುರುವಾಗಿತ್ತು. ಆಂಟಿಗೆ ಕಣ್ಣಿನಲ್ಲಿ ಪೊರೆ.

"ಬರುತ್ತೆ ಆಂಟಿ. ಎಲ್ಲಿಗೆ ಹೋಗಬೇಕು?"

"ಸತ್ತಾವು ಎಲ್ಲೆ ಬಿದ್ದಿರ್ತಾವ, ಅಲ್ಲಿಗೆ."

ಹೂಂ ಅಂದುಬಿಟ್ಟೆ. ಅಷ್ಟು ಬೇಸರವಾಗಿತ್ತು ನನಗೆ.

ಹೀಗೆ ನಾನು ಅವರ ಸಾರಥಿಯಾದೆ. ಆಂಟಿಯ ಹಣೆಗೆ ಕಾಸಿನಗಲ ಕುಂಕುಮ, ಕಾಟನ್ ಸೀರೆಯ ಮೇಲೆ ಅಂಕಲ್ ಅವರ ಹಳೇ ಅಂಗಿ, ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು. ಈ ವೇಷ ಕಂಡ ಟ್ರಕ್ಕಿನವರು ಗಾಡಿ ನಿಲ್ಲಿಸಿ ಸಹಾಯ ಬೇಕೇ ಎಂದು ಕೇಳುತ್ತಿದ್ದರು. ಸತ್ತ ಪ್ರಾಣಿಯನ್ನು ಕಂಡೊಡನೆ ಅವರು ಮೊದಲು ಮಾಡುತ್ತಿದ್ದದ್ದು ಅದರ ಕಣ್ಣು ಮುಚ್ಚುವುದು. ಆಮೇಲೆ ಕಿವಿ. ದೇಹ ಕೆಟ್ಟಿರದಿದ್ದರೆ ಹೊಟ್ಟೆಯನ್ನೂ ಬಿಡಿಸಿ ನೋಡುತ್ತಿದ್ದರು. "ಕಿವಿ ಲ್ಯಾಬಿಗೆ, ಹೊಟ್ಟಿ ನನಗ" ಎನ್ನುವರು. ಏನು ತಿಂದು ಬದುಕಿತ್ತೆಂದು ತಿಳಿಯದೆ ಯಾವ ಪ್ರಾಣಿಯ ಬಗ್ಗೆಯೂ ಮಾತಾಡಬಾರದೆಂಬುದು ಅವರ ಹಟ. ಅವರು ಒಂದೊಂದಾಗಿ ಹೇಳುವರು, ನಾನು ಚೀಲದ ಮೇಲೆ ಬರೆಯುವೆ: ಇಲಿ, ಮೊಲದ ಕೂದಲು, ಏಡಿ, ಕಲ್ಲಂಗಡಿ ಬೀಜ. ಕೆಲಸ ಮುಗಿದ ಮೇಲೆ ಮೊಣಕೈವರೆಗೆ ಸೋಪು ಹಾಕಿ ತೊಳೆದು, ಅದೇ ರಸ್ತೆಬದಿಯಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಮೊದಮೊದಲು ನನಗೆ ತುತ್ತು ಇಳಿಯುತ್ತಿರಲಿಲ್ಲ. ಬರಬರುತ್ತಾ ಉಪ್ಪಿನಕಾಯಿ ಸಾಲದು ಎಂದು ಜಗಳವಾಡುವಷ್ಟು ಸುಧಾರಿಸಿದೆ.

"ಈ ಕಯೋಟಿ ಕಿವಿ ಕೂಡಿಟ್ಟು ಯಾರಿಗೇನಾಗಬೇಕು ಆಂಟಿ?" ಎಂದು ಒಮ್ಮೆ ಕೇಳಿದೆ.

"ಕಯೋಟಿ ಅಲ್ಲವ್ವಾ ನಾ ಹುಡುಕೋದು. ಅದರೊಳಗ ಉಳದಿರೋ ತೋಳ."

ಬುತ್ತಿ ತಿನ್ನುತ್ತಲೇ ಹೇಳಿದರು. ಈ ಸೀಮೆಯಲ್ಲೆಲ್ಲ ಒಂದು ಕಾಲಕ್ಕೆ ಕೆಂಪು ತೋಳಗಳಿದ್ದವು. ಕಾಡು ದಟ್ಟವಾಗಿ, ಜಿಂಕೆ ಬೇಕಾದಷ್ಟಿದ್ದಾಗ, ಹಿಂಡು ಕಟ್ಟಿಕೊಂಡ ತೋಳಗಳು ಕಯೋಟಿಯನ್ನು ಹತ್ತಿರ ಸೇರಿಸುತ್ತಿರಲಿಲ್ಲ, ಕಂಡರೆ ಅಟ್ಟಿಬಿಡುತ್ತಿದ್ದವು. ಜನ ಬಂದು ಮರ ಕಡಿದರು, ಹೊಲ ಮಾಡಿದರು, ತೋಳಕ್ಕೆ ವಿಷವಿಟ್ಟರು, ಗುಂಡು ಹೊಡೆದರು. ಬಯಲಾದ ನೆಲ ಕಯೋಟಿಗೆ ಹೇಳಿ ಮಾಡಿಸಿದಂತಾಯಿತು. ಇಲಿಯಿಂದ ಕಸದ ಬುಟ್ಟಿಯವರೆಗೆ ಏನು ಸಿಕ್ಕರೂ ಹೊಟ್ಟೆ ಹೊರೆಯುವ ಆ ಪ್ರಾಣಿ ಪಶ್ಚಿಮದಿಂದ ಬಂದು ತುಂಬಿಕೊಂಡಿತು. ಅಳಿದುಳಿದ ತೋಳಗಳು ಈ ಕಡಲ ಕರೆಯ ಜೌಗಿಗೆ, ಸೊಳ್ಳೆಗಳ ನಡುವೆ ಬಂದು ಸೇರಿದವು.

"ಇಲ್ಲೆ ಜೋಡಿ ಎಲ್ಲಿಂದ ತರಬೇಕು ಅವು? ಚಳಿಗಾಲದಾಗ ಅವು ಕೂಡೋ ಕಾಲ. ಬಂದೂಕಿನವರು ಬರೋದೂ ಅದ ಕಾಲಕ್ಕ. ಗಂಡು ಸತ್ರ ಹೆಣ್ಣು ಹುಡುಕ್ತದ, ಹುಡುಕ್ತದ, ತನ್ನಂಥದ್ದು ಸಿಗೂದಿಲ್ಲ. ಸಿಕ್ಕ ಕಯೋಟಿ ಕೂಡ ಹೋಗ್ತದ. ಹಂಗ ಹೋಗಿ ಹೋಗಿ, ತೋಳ ಮುಗದ್ವು ಅಂತ ಎಲ್ಲಾರೂ ಕೈ ತೊಳಕೊಂಡ್ರು. ನನಗ ಅನಸ್ತದ, ಪೂರಾ ಮುಗದಿಲ್ಲ. ಈ ದ್ವೀಪದಾಗಿನ ಕಯೋಟಿ ಕಾಲು ನೋಡು, ಬಣ್ಣ ನೋಡು. ಸುತ್ತ ನೀರು, ಹೊರಗಿನವು ಬರೋದು ಕಡಿಮಿ. ಹಳೇ ರಕ್ತ ಇಲ್ಲೇ ಕೂತದ."

ಸಂಘದಲ್ಲಿ ಒಬ್ಬರ ಮಗ ಅಮೆರಿಕದ ಹುಡುಗಿಯನ್ನು ಮದುವೆಯಾದಾಗ ಯಾರೋ ಇವರ ಮುಂದೆ, "ನಿಮ್ಮ ತೋಳ, ಕಯೋಟಿ ಕಥೆ ನಮ್ಮಲ್ಲೂ ಶುರುವಾಯ್ತು ನೋಡಿ ಡಾಕ್ಟ್ರೇ" ಎಂದು ಹಲ್ಲು ಕಿರಿದರು. ಆಂಟಿ ತಟ್ಟೆ ಕೆಳಗಿಟ್ಟು, "ತೋಳಕ್ಕ ಬ್ಯಾರೆ ದಾರಿ ಇರಲಿಲ್ಲರಿ. ನಿಮ್ಮ ಹುಡುಗ ಪ್ರೀತಿ ಮಾಡ್ಯಾನ. ಎರಡಕ್ಕೂ ಏನ್ ಸಂಬಂಧ?" ಅಂದರು. ಪಾಪ, ಆತ ಊಟ ಮುಗಿಯುವವರೆಗೂ ತಲೆಯೆತ್ತಲಿಲ್ಲ.

ಸಂಜೆ ಹೊತ್ತು ಅವರು ಮನೆಯ ಹಿಂದಿನ ಜಗುಲಿಯಲ್ಲಿ ನಿಂತು ಜೌಗಿನ ಕಡೆಗೆ ಊಳಿಡುತ್ತಿದ್ದರು. ತಮಾಷೆಗಲ್ಲ, ಕೂಗಿದರೆ ಪ್ರಾಣಿಗಳು ಮರುಕೂಗು ಹಾಕುತ್ತವೆ, ಅದನ್ನು ಕೇಳಿ ಎಲ್ಲಿ ಎಷ್ಟಿವೆ ಎಂದು ಅಂದಾಜು ಮಾಡುವ ಪದ್ಧತಿ ಉಂಟು. ಅಂಕಲ್ ಕುರ್ಚಿಯಲ್ಲಿ ಕೂತು, "ಡಾಕ್ಟರ್ರ, ಇವತ್ತ ಷಡ್ಜ ಹಿಡೀಲಿಲ್ಲ ನೀವು" ಎಂದು ಛೇಡಿಸುವರು. ಕಯೋಟಿಗಳು ಕೂಗಿದರೆ ಹುಟ್ಟುಹಬ್ಬದ ಮನೆಯ ಗಲಾಟೆ. ಅವುಗಳ ನಡುವೆ ಒಂದು ದನಿ ಮಾತ್ರ ಒಡೆಯದೆ, ಒಂದೇ ಉಸಿರಿನಲ್ಲಿ ದೂರ ಎಳೆಯುತ್ತಿತ್ತು. ಅದು ಬಂದಾಗ ಆಂಟಿ ಕೈಯೆತ್ತಿ ನಮ್ಮಿಬ್ಬರನ್ನೂ ಸುಮ್ಮನಿರಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಅವರ ಮುಖ ಚಿಕ್ಕ ಹುಡುಗಿಯದಾಗುತ್ತಿತ್ತು.

ಅವರಿಗೆ ನಿಜವಾಗಿ ಸಿಟ್ಟು ಬರುತ್ತಿದ್ದದ್ದು ಯಾರಾದರೂ ಮನೆಯ ಹೊರಗೆ ತಿನ್ನುವ ಪದಾರ್ಥ ಬಿಟ್ಟರೆ. ಅಕ್ಕಪಕ್ಕದ ಬಿಳಿಯರ ಮನೆಗಳಿಗೆ ಹೋಗಿ, ನಾಯಿಯ ಬಟ್ಟಲು ಒಳಗಿಡಿ ಎಂದು ಹೇಳಿ ಬರುತ್ತಿದ್ದರು. ಸಂಘದಲ್ಲಿ ಒಮ್ಮೆ ಮೈಕು ಕೊಟ್ಟಾಗಲೂ ಅದನ್ನೇ ಹೇಳಿದರು. "ನೀವು ಹಾಕೂದು ಅನ್ನ ಅಲ್ಲರಿ, ಗುಂಡು. ಮನಶ್ಯಾನ ಅಂಜಿಕಿ ಹೋತಂದ್ರ ಅದರ ಆಯುಷ್ಯ ಹೋತು." ಅಂಜಿಕೆ ಹೋದ ಪ್ರಾಣಿ ಅಂಗಳಕ್ಕೆ ಬರುತ್ತದೆ, ಅಂಗಳಕ್ಕೆ ಬಂದದ್ದನ್ನು ಹಿಡಿದು ಕೊಲ್ಲಿಸುತ್ತಾರೆ. ಇಷ್ಟು ಸ್ಪಷ್ಟವಾಗಿ ತಿಳಿದವರು ಆ ದ್ವೀಪದಲ್ಲಿ ಇನ್ನೊಬ್ಬರಿರಲಿಲ್ಲ.

ಅಂಕಲ್ ಅವರ ಗಂಟಲಿನ ತೊಂದರೆ ಕ್ಯಾನ್ಸರ್ ಆಗಿತ್ತು. ಕೊನೆಯ ತಿಂಗಳುಗಳಲ್ಲಿ ನುಂಗಲಾಗದೆ, ಹೊಟ್ಟೆಗೆ ಹಾಕಿದ ಕೊಳವೆಯಿಂದಲೇ ಆಹಾರ. ಒಂದು ತುತ್ತು ತೊವ್ವೆ ಅನ್ನ, ಮೇಲೆ ತುಪ್ಪ, ಅಷ್ಟು ಸಾಕು ಎಂದು ಸನ್ನೆಯಲ್ಲಿ ಕೇಳುತ್ತಿದ್ದರು. ಡಾಕ್ಟರುಗಳು ಬಾಯಿಗೆ ಏನೂ ಹಾಕಕೂಡದು ಎಂದಿದ್ದರು. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದಾಗ ಕಣ್ಣು ಮುಚ್ಚಿ ವಾಸನೆ ಎಳೆದುಕೊಳ್ಳುತ್ತಿದ್ದರು. ಅದನ್ನು ನೋಡಲಾರದೆ ಆಂಟಿ ಒಗ್ಗರಣೆ ಹಾಕುವುದನ್ನೇ ಬಿಟ್ಟರು. ಎರಡು ಸಾವಿರದ ಹದಿನಾಲ್ಕರ ಮಳೆಗಾಲ ಕಳೆಯುವ ಹೊತ್ತಿಗೆ ಅಂಕಲ್ ಹಸಿದುಕೊಂಡೇ ಹೋದರು.

ಹತ್ತನೆಯ ದಿನ ಹ್ಯೂಸ್ಟನ್ನಿನಿಂದ ಪುರೋಹಿತರು ಬಂದರು. ಮಗಳು ಡಲ್ಲಾಸಿನಿಂದ ಬಂದಿದ್ದಳು. ಪಿಂಡವನ್ನು ಸಮುದ್ರಕ್ಕೆ ಬಿಟ್ಟು, ಕಾಗೆಗೆಂದು ಒಂದು ಎಲೆಯಲ್ಲಿ ತೊವ್ವೆ ಅನ್ನ ತುಪ್ಪ ಬಡಿಸಿ ಮನೆಯ ಹಿಂದಿನ ಮರಳಿನ ಮೇಲಿಟ್ಟು ಎಲ್ಲರೂ ದೂರ ನಿಂತೆವು. ಸತ್ತವರ ಆಸೆ ತೀರಿದ್ದರೆ ಕಾಗೆ ಮುಟ್ಟುತ್ತದೆ, ಇಲ್ಲದಿದ್ದರೆ ಇಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಆ ದ್ವೀಪದಲ್ಲಿ ಕಾಗೆ ಎಲ್ಲಿಂದ ಬರಬೇಕು? ಬಂದದ್ದು ಗ್ರ್ಯಾಕಲ್ ಎಂಬ ಉದ್ದ ಬಾಲದ ಕರಿಯ ಹಕ್ಕಿಗಳು. ಅಂಗಡಿಗಳ ಪಾರ್ಕಿಂಗಿನಲ್ಲಿ ಬಿದ್ದ ಚೂರುಪಾರು ಹೆಕ್ಕುವ ಅದೇ ಹಕ್ಕಿ.

"ಬಂತಲ್ಲ ಅಮ್ಮ. ಈ ದೇಶದಲ್ಲಿ ಇದನ್ನೇ ಕಾಗೆ ಅಂದುಕೊಳ್ಳಬೇಕು, ಕೈ ಮುಗೀರಿ" ಅಂದರು ಪುರೋಹಿತರು.

"ಹೆಂಗ ಅಂದುಕೊಳ್ಳಲಿ ಆಚಾರ್ರ? ಇದರ ಮನೆತನಾನ ಬ್ಯಾರೆ" ಎಂದು ಆಂಟಿ ಮುಂದೆ ಹೋಗಿ ಚಪ್ಪಾಳೆ ತಟ್ಟಿ ಅವನ್ನೆಲ್ಲ ಓಡಿಸಿದರು.

ಬೇರೆ ಯಾರೇ ಆಗಿದ್ದರೂ ಕಣ್ಣು ಮುಚ್ಚಿ ಕೈ ಮುಗಿದು ಸಮಾಧಾನ ಪಟ್ಟುಕೊಳ್ಳುತ್ತಿದ್ದರು. ಅವರಿಗೆ ಅದು ಸಾಧ್ಯವಿರಲಿಲ್ಲ. ಪುರೋಹಿತರು ಹೊರಟರು, ಬಂದವರು ಚದುರಿದರು, ಮಗಳು ತಲೆನೋವೆಂದು ಮಲಗಿದಳು. ಆಂಟಿ ಮಾತ್ರ ಎಲೆಯನ್ನು ಕಾಯುತ್ತಾ ಜಗುಲಿಯಲ್ಲಿ ಕೂತೇ ಇದ್ದರು. ಅವರನ್ನು ಬಿಟ್ಟು ಹೋಗಲಾರದೆ ನಾನೂ ಕೂತೆ. ಹೊತ್ತು ಮುಳುಗುವಾಗ ಜೌಗಿನ ಹುಲ್ಲು ಸರಿಸಿಕೊಂಡು ಒಂದು ಪ್ರಾಣಿ ಬಂತು. ಉದ್ದ ಕಾಲು, ಕಿವಿಯ ಹಿಂದೆ ಇಟ್ಟಿಗೆಯ ಕೆಂಪು. ಹೆಣ್ಣು. ಗಾಳಿ ಮೂಸಿ, ನಮ್ಮನ್ನು ನೋಡಿ, ಆಮೇಲೆ ಅವಸರವಿಲ್ಲದೆ ಎಲೆಯ ಮೇಲಿನ ಒಂದಗುಳೂ ಬಿಡದೆ ತಿಂದಿತು. ಆಂಟಿ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದರು.

"ಉಂಡ್ರು, ತಂಗಿ," ಅಂದರು. "ಹೊಟ್ಟಿ ತುಂಬ ಉಂಡ್ರು."

ಅಂಕಲ್ ಹೋದ ಮೇಲೆ ಅವರು ಅತ್ತದ್ದನ್ನು ನಾನು ಮೊದಲು ಕಂಡದ್ದು ಆಗ.

ಮುಂದಿನ ತಿಂಗಳು ಹೋದಾಗ ಮರಳಿನ ಮೇಲೆ ಸ್ಟೀಲಿನ ತಟ್ಟೆಯೊಂದು ಬಿದ್ದಿತ್ತು. ಕೇಳಲೋ ಬೇಡವೋ ಎಂದುಕೊಳ್ಳುತ್ತಲೇ ಕೇಳಿದೆ, "ಆಂಟಿ, ದಿನಾ ಇಡ್ತಿದ್ದೀರಾ? ಹೊರಗೆ ಇಡಬಾರದು ಅಂತ ನೀವೇ ಅಲ್ವಾ ಹೇಳೋದು?"

ಅವರು ಅಕ್ಕಿ ತೊಳೆಯುತ್ತಿದ್ದರು. ತಿರುಗಿ ನೋಡಲಿಲ್ಲ. "ಹದಿಮೂರು ದಿನಕ್ಕ ನಿಲ್ಲಸ್ತೀನಿ ಅಂದುಕೊಂಡೆ. ಆಗಲಿಲ್ಲ. ಸಂಜಿ ಆತಂದ್ರ ಅದು ಬಂದು ನಿಂದರ್ತದ. ಅವರು ಹಸಕೊಂಡು ನಿಂತಂಗ ಅನಸ್ತದ. ಒಳಗ ಅನ್ನ ಇಟ್ಕೊಂಡು ಇಲ್ಲ ಅಂತ ಹೆಂಗ ಅನ್ಲಿ ನಾ?"

"ಅದು ಕೆಡುತ್ತೆ ಆಂಟಿ. ಜನ ಸುಮ್ಮನೆ ಬಿಡಲ್ಲ."

"ಗೊತ್ತದವ್ವಾ," ಅಂದರು. "ನನಗ ಗೊತ್ತಿಲ್ಲೇನು?"

ಅವರ ಮೇಲೆ ಸಿಟ್ಟೂ ಬಂದಿತ್ತು, ಮರುಕವೂ ಬಂದಿತ್ತು. ಅವರಿಗೆ ಗೊತ್ತಿರದಿದ್ದರೆ ಹೇಳಿ ತಿಳಿಸಬಹುದಿತ್ತು. ಎಲ್ಲ ಗೊತ್ತಿದ್ದವರಿಗೆ ಏನು ಹೇಳುವುದು?

ಚಳಿಗಾಲ ಬಂತು. ಆ ಹೆಣ್ಣು ಕಯೋಟಿ ಹಗಲು ಹೊತ್ತೇ ಮನೆಗಳ ಜಗುಲಿ ಹತ್ತತೊಡಗಿತು. ಮಾಂಸ ಸುಡುವ ಒಲೆಯ ಪಕ್ಕ ಬಂದು ಕೂರುತ್ತಿತ್ತಂತೆ. ಒಂದು ದಿನ ಯಾರದೋ ಪುಟ್ಟ ನಾಯಿಯನ್ನು ಕಚ್ಚಿಕೊಂಡು ಹೋಯಿತು. ಬಡಾವಣೆಯವರು ಸೇರಿ ಬೋನು ಇಡುವವನನ್ನು ಕರೆಸಿದರು. ಆತ ಹಿಡಿದು ಕೊಂದ. ಕೆಟ್ಟವನೇನಲ್ಲ, ಸತ್ತ ಕಯೋಟಿಗಳ ಕಿವಿ ಕೂಡಿಡುವ ಇಂಡಿಯದ ಡಾಕ್ಟರ್ ಒಬ್ಬರಿದ್ದಾರೆಂದು ಅವನಿಗೆ ಗೊತ್ತಿತ್ತು. ಉಪಕಾರವಾಗಲಿ ಎಂದು ಅದನ್ನು ಅವರ ಮನೆಗೇ ತಂದು, ಕಂಬಗಳ ಕೆಳಗೆ ನೆರಳಿನಲ್ಲಿ ಇಟ್ಟು ಹೋದ.

ಆಂಟಿ ಫೋನಿನಲ್ಲಿ "ಬಾ" ಎಂದಷ್ಟೇ ಅಂದಿದ್ದರು. ನಾನು ಹೋದಾಗ ಅದರ ಪಕ್ಕ ಕೂತಿದ್ದರು. ಕಣ್ಣು ಮುಚ್ಚಿಸಿ ಆಗಿತ್ತು. ಕಿವಿಯ ತುದಿ ಕತ್ತರಿಸಿ ಚೀಲಕ್ಕೆ ಹಾಕಿದರು. ಆಮೇಲೆ ಚಾಕುವನ್ನು ಹೊಟ್ಟೆಗೆ ತಂದಾಗ ನಾನು ಅವರ ಕೈ ಹಿಡಿದೆ.

"ಬೇಡ ಆಂಟಿ. ಇದೊಂದು ಬಿಡಿ."

"ಉಳದಾವನ್ನೆಲ್ಲಾ ನೋಡೀನಿ. ಇದೊಂದ ನೋಡದ ಬಿಟ್ರ ನಾ ಎಂಥಾ ಡಾಕ್ಟರ?"

ಕೊಯ್ದರು. ಎಂದಿನಂತೆ ಒಂದೊಂದೇ ಹೇಳಿದರು, ನಾನು ಬರೆದೆ. ಇಲಿ. ಹುಲ್ಲು. ಏಡಿಯ ಚಿಪ್ಪು. ಆಮೇಲೆ ಅವರ ದನಿ ನಿಂತಿತು. ನಾನು ಬಗ್ಗಿ ನೋಡಿದೆ. ಅರಿಶಿನದ ಬಣ್ಣದ್ದು, ಇನ್ನೂ ಪೂರ್ತಿ ಅರಗಿರಲಿಲ್ಲ.

"ಬರಿ, ತಂಗಿ," ಅಂದರು. "ಅನ್ನ ಅಂತ ಬರಿ."

ಬರೆದೆ.

ಆ ಸಂಜೆ ಜೌಗಿನಿಂದ ಒಂದೇ ದನಿ ಕೂಗಿತು. ಅವಳ ಗಂಡು ಇರಬೇಕು. ಆಂಟಿ ಮರುಕೂಗು ಹಾಕಲಿಲ್ಲ. "ಇನ್ನ ಇದೂ ಯಾವುದು ಸಿಗ್ತದ ಅದರ ಕೂಡ ಹೋಗ್ತದ" ಅಂದರು. "ಹೋಗ್ಲಿ. ಒಂದ ಇರೂದಕ್ಕ ಅದಕ್ಕ ಬರೂದಿಲ್ಲ."

ಎಷ್ಟೋ ತಿಂಗಳ ಮೇಲೆ ಲ್ಯಾಬಿನಿಂದ ಫೋನು ಬಂತು. ನಾನು ಅಲ್ಲೇ ಇದ್ದೆ. ಆ ಹೆಣ್ಣಿನಲ್ಲಿ ಕೆಂಪು ತೋಳದ ಅಂಶ ಸಿಕ್ಕಿದೆ, ನಿಮ್ಮ ಊಹೆ ನಿಜ, ಅಭಿನಂದನೆ ಎಂದು ಅತ್ತಲಿನವರು ಸಂಭ್ರಮಿಸುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ಇಷ್ಟು ವರ್ಷ ಅವರು ಕಾದದ್ದು ಈ ಮಾತಿಗೇ. ಆಂಟಿ ಥ್ಯಾಂಕ್ಸ್ ಹೇಳಿ ಫೋನಿಟ್ಟು, ಸಿಂಕಿನಲ್ಲಿದ್ದ ಪಾತ್ರೆಗಳನ್ನು ತೊಳೆಯತೊಡಗಿದರು. ತೊಳೆದದ್ದನ್ನೇ ಮತ್ತೆ ತೊಳೆದರು. ಸಂಘದಲ್ಲಿ ಇದನ್ನು ಯಾರಿಗೂ ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡರು. ಆಮೇಲೂ ಕಿವಿಗಳನ್ನು ಕೂಡಿಸಿದರು. ಹೊಟ್ಟೆಯನ್ನು ಮಾತ್ರ ಮತ್ತೆಂದೂ ತೆರೆಯಲಿಲ್ಲ.

ಎಣ್ಣೆಯ ಬೆಲೆ ಬಿದ್ದು ನನ್ನ ಗಂಡನ ಕೆಲಸ ಹೋಯಿತು. ಆಸ್ಟಿನ್ ಕಡೆ ಬೇರೆ ಕೆಲಸ ಸಿಕ್ಕಿ ನಾವು ಜಾರ್ಜ್‌ಟೌನಿಗೆ ಶಿಫ್ಟ್ ಆದೆವು. ಹಾರ್ವಿ ಚಂಡಮಾರುತದ ವರ್ಷ ಮಗಳು ಆಂಟಿಯನ್ನು ತನ್ನಲ್ಲಿಗೆ ಕರೆದುಕೊಂಡು ಹೋದಳು. ಫೋನಿನಲ್ಲಿ ಅವರು ಮೊದಲು ಕೇಳುತ್ತಿದ್ದದ್ದು, "ನಿಮ್ಮಲ್ಲೆ ಕೂಗ್ತಾವೇನು?" ಎಂದು. ನಮ್ಮ ಹೊಸ ಬಡಾವಣೆಯ ಹಿಂದೆ ಕಯೋಟಿಗಳು ಕೂಗುತ್ತಿದ್ದವು. ಫೋನನ್ನು ಕಿಟಕಿಗೆ ಹಿಡಿಯುತ್ತಿದ್ದೆ. ಕೊನೆಯ ಸಲ ಮಾತಾಡಿದಾಗ ಮಾತ್ರ ಅದನ್ನು ಕೇಳಲಿಲ್ಲ. "ಮಗಳಿಗೆ ಹೇಳೀನಿ, ನಿನಗೂ ಹೇಳ್ತೀನಿ. ನಾ ಹೋದ ಮ್ಯಾಲೆ ಆಚಾರ್ರು ಏನರ ಅನ್ಲಿ. ನನ್ನ ಹೆಸರಲೆ ಒಂದಗುಳು ಅನ್ನ ಹೊರಗ ಇಡಬ್ಯಾಡ್ರಿ" ಅಂದರು.

ಎರಡು ಸಾವಿರದ ಹತ್ತೊಂಬತ್ತರಲ್ಲಿ ಅವರು ಹೋದರು. ಹತ್ತನೆಯ ದಿನಕ್ಕೆ ನಾನು ಫಾರ್ಮರ್ಸ್ ಬ್ರಾಂಚಿಗೆ ಡ್ರೈವ್ ಮಾಡಿಕೊಂಡು ಹೋದೆ. ಪುರೋಹಿತರು ಕರ್ಮಗಳನ್ನು ಮುಗಿಸಿ, ಎಲೆಯನ್ನು ಹಿತ್ತಲಿನಲ್ಲಿಡಿ ಎಂದು ಹೇಳಿ ಇನ್ನೊಂದು ಮನೆಗೆ ಹೊರಟರು. ಮಗಳು ತೊವ್ವೆ ಅನ್ನದ ಎಲೆ ಹಿಡಿದು ಹಿಂದಿನ ಗಾಜಿನ ಬಾಗಿಲು ಸರಿಸಿದಳು. ಬೇಲಿಯ ಮೇಲೆ ಕಾಗೆಗಳು ಕೂತಿದ್ದವು. ಗ್ರ್ಯಾಕಲ್ ಅಲ್ಲ. ಅಸಲಿ ಕಾಗೆಗಳು, ಕತ್ತು ಕೊಂಕಿಸಿ ಎಲೆಯನ್ನೇ ನೋಡುತ್ತಿದ್ದವು.

ಅವಳು ಅವನ್ನು ನೋಡಿದಳು. ಬೇಲಿಯಾಚೆಯ ಹಳ್ಳದ ಪೊದೆಗಳನ್ನೂ ನೋಡಿದಳು. ಕನ್ನಡ ಎಲ್ಲ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅವಳು. ಈಗ ತಲೆಗೂದಲು ನರೆತಿತ್ತು. "ವಾಟ್ ಇಫ್ ಅಮ್ಮ ಈಸ್ ಹಂಗ್ರಿ?" ಅಂದಳು.

ಆಮೇಲೆ ತಾನೇ ಬಾಗಿಲನ್ನು ಎಳೆದು ಚಿಲಕ ಹಾಕಿದಳು. ಎಲೆಯನ್ನು ಊಟದ ಮೇಜಿನ ಮೇಲಿಟ್ಟಳು. ಅದರ ಎರಡು ಬದಿಗೆ ಇಬ್ಬರೂ ಕೂತು, ಆರಿದ ಅನ್ನವನ್ನು ಕಲಸಿ ತಿಂದೆವು. ಹೊರಗೆ ಕಾಗೆಗಳು ಬಹಳ ಹೊತ್ತು ಕೂಗಿದವು.